ಹಸಿರು ಚುಕ್ಕಿ ಕಾಯುವ ಕೆಲಸ

ಇವತ್ತು ಮುಂಜಾನೆ ಮನೆಯ ಟಿ.ವಿ. ಮೇಲೆ ಧೂಳು ಕೂತಿದ್ದು ಕಂಡಿತು. ಒರೆಸೋಣ ಅಂತ ಸೆರಗು ಎತ್ತಿದೆ, ಕೈ ಅರ್ಧಕ್ಕೇ ನಿಂತುಬಿಟ್ಟಿತು. ಬೇಡ ಅನ್ನಲಿಕ್ಕೆ ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಕೈಗೆ ಒಂದು ಅಂಜಿಕೆ ಹತ್ತಿದೆ ನೋಡ್ರಿ, ನನ್ನನ್ನು ಕೇಳದೇ ಹತ್ತಿದ್ದು. ಹೆಂಗಸರ ಸೆರಗು ಏನು ಒರೆಸೋದಿಲ್ಲ ಹೇಳ್ರಿ? ಕೂಸಿನ ಮೂಗು ಒರೆಸುತ್ತದೆ, ಬಿಸಿ ಬೋಗುಣಿ ಇಳಿಸುತ್ತದೆ, ಯಾರೂ ನೋಡದಾಗ ಕಣ್ಣನ್ನೂ ಒರೆಸುತ್ತದೆ. ಅಂಥಾ ಸೆರಗು ಒಂದು ದಿನ ಸಾಲಿಯ ಮೈದಾನ ತುಂಬ ಮಂದಿಯ ಮುಂದೆ ಏನು ಮಾಡಿತು ಅನ್ನೋದನ್ನ ಹೇಳಬೇಕು. ಅದಕ್ಕೂ ಮೊದಲು ನನ್ನ ಮೊಮ್ಮಗಳು ಸುಜಾತಾನ ಬಗ್ಗೆ ಹೇಳಬೇಕು. ಅಕಿ ಸುದ್ದಿ ತೆಗೆದರೆ ನಾನು ನಿಲ್ಲಿಸೋದಿಲ್ಲ ಅಂತ ಬೆಂಗೇರಿಯ ನಮ್ಮ ಓಣಿಯವರಿಗೆಲ್ಲ ಗೊತ್ತು. ನಾನು ಬರೋದು ಕಂಡರೆ ಒಬ್ಬಿಬ್ಬರು ಬಾಗಿಲು ಮುಂದೆ ಮಾಡುತ್ತಾರೆ. ನೀವಂತೂ ಸಿಕ್ಕೀರಿ, ಕುಂದರ್ರಿ.

ನಮ್ಮದು ಮಂಡಪ, ಕುರ್ಚಿ, ಮೈಕ್ ಬಾಡಿಗೆ ಕೊಡುವ ಅಂಗಡಿ. ನಮ್ಮ ಮನೆಯವರು ಇದ್ದಾಗ ಗಿಡದ ಟೊಂಗೆಗೆ ಕಹಳೆಯಂಥ ಸ್ಪೀಕರ್ ಕಟ್ಟಿ ಬಂದರೆ ಮುಗಿಯುತ್ತಿತ್ತು. ಇಡೀ ಊರಿಗೆ ಲಗ್ನ ಗೊತ್ತಾಗುತ್ತಿತ್ತು, ಬೇಕಾದವರಿಗೂ ಬೇಡಾದವರಿಗೂ. ಈಗ ಮಗ ಬಸು ನಡೆಸುತ್ತಾನೆ. ಈಗಿನ ಲಗ್ನಕ್ಕೆ ಕಹಳೆ ನಡೆಯೋದಿಲ್ಲ. ನಡುವೆ ಟಿ.ವಿ.ಯಂತೆ ಚಿತ್ರ ಮೂಡುವ ಒಂದು ದೊಡ್ಡ ಪರದೆ ಬೇಕು, ಆಚೆ ಈಚೆ ಎತ್ತರದ ಪರದೆ ಬೇಕು, ಊಟದ ಹಾಲಿನಲ್ಲಿ ಕೂತವರಿಗೂ ಅಕ್ಷತೆ ಕಾಣಲಿ ಅಂತ ಅಲ್ಲೂ ಒಂದು ಬೇಕು. ಇಷ್ಟೂ ಪರದೆಯ ಮೇಲೆ ಯಾವಾಗ ಯಾವ ಚಿತ್ರ ಬರಬೇಕು, ಯಾವುದು ಹೋಗಬೇಕು ಅಂತ ಒಂದೇ ಲ್ಯಾಪ್‌ಟಾಪಿನಿಂದ ನಡೆಸುವ ಸಾಫ್ಟ್‌ವೇರ್ ಇದೆಯಂತೆ. ಸುಜಾತಾ ಅದನ್ನ ಯಾರ ಹತ್ತಿರವೂ ಕಲಿಯಲಿಲ್ಲ. ಫೋನಿನಲ್ಲಿ ನೋಡಿ ನೋಡಿ, ತಪ್ಪು ಮಾಡಿ ಮಾಡಿ, ಅಡಿಗೆ ಮನೆಯ ಮೂಲೆಯಲ್ಲಿ ಕೂತು ಕಲಿತಳು. ನಾನು ರೊಟ್ಟಿ ಬಡಿಯುತ್ತಿದ್ದರೆ ಅಕಿ ಅದನ್ನ ಬಡಿಯುತ್ತಿದ್ದಳು.

ಬಸುಗೆ ಮಗಳ ಕೆಲಸ ಬೇಕು, ಮಗಳು ಹೊರಗೆ ಹೋಗೋದು ಬೇಡ. ಇಂಥ ಗಂಡಸರು ಬಹಳ ಇದ್ದಾರೆ, ನನ್ನ ಹೊಟ್ಟೆಯಲ್ಲೂ ಒಬ್ಬ ಹುಟ್ಟಿದ. ಗೊತ್ತಿಲ್ಲದ ಮಂದಿ, ವೈರು ಎಳೆಯುವ ಹುಡುಗರು, ಯಾವಾಗ ಮುಗಿಯುತ್ತದೋ ತಿಳಿಯದ ಕಾರ್ಯಕ್ರಮ. ಸೊಸೆಗೆ ದವಾಖಾನೆಯ ನೌಕರಿ, ಆಕೆಗೆ ಹೋಗಲಿಕ್ಕೆ ಆಗೋದಿಲ್ಲ. ಕಡೆಗೆ ಅವನು ಒಂದು ಮಾತು ಅಂದ: "ಆಯಿ ಜೋಡಿಗಿದ್ರ ಹೋಗು. ಆಯಿ ಬರೂದಿಲ್ಲಂದ ದಿನ ನೀನೂ ಇಲ್ಲ." ಆಯಿ ಅಂದರೆ ನಾನು. ಹಿಂಗಾಗಿ ಅಕಿಯ ಕೆಲಸವೆಲ್ಲ ನನ್ನ ಎರಡು ಮೊಣಕಾಲಿನ ಮೇಲೆ ಬಂದು ನಿಂತಿತು.

ಆ ಮೊಣಕಾಲುಗಳ ಕಥೆ ಕೇಳಬೇಡ್ರಿ. ಸಂಜೆಯ ಕಾರ್ಯಕ್ರಮಕ್ಕೆ ನಾವು ಮಧ್ಯಾಹ್ನವೇ ಹೋಗಬೇಕು. ಟೆಂಪೋದ ಮೆಟ್ಟಿಲು ನನಗೆಂದೇ ಎತ್ತರ ಮಾಡಿಸಿದಂತೆ. ಹೋಗಿ ಕೂತರೆ ಪ್ಲಾಸ್ಟಿಕ್ ಕುರ್ಚಿ. ನಮ್ಮದೇ ಅಂಗಡಿಯದು, ಬಯ್ಯುವ ಹಾಗೂ ಇಲ್ಲ. ಪರದೆಯ ತುಂಡುಗಳನ್ನು ಒಂದರ ಮೇಲೊಂದು ಏರಿಸಬೇಕು, ವೈರು ಹಾಸಬೇಕು, ಹಚ್ಚಿ ನೋಡಬೇಕು, ಮತ್ತೆ ಆರಿಸಬೇಕು. ಕಾಯೋದೇ ಒಂದು ದುಡಿತ ಅಂತ ಆಗ ತಿಳಿಯಿತು. ಹೊಲದಲ್ಲಿ ಕಳೆ ತೆಗೆದ ದಿನವೂ ಇಷ್ಟು ದಣಿದಿರಲಿಲ್ಲ ನಾನು. ಕಳೆ ತೆಗೆದರೆ ಹಿಂದೆ ತಿರುಗಿ ನೋಡಲಿಕ್ಕೆ ಒಂದು ಸಾಲಾದರೂ ಇರುತ್ತದೆ.

ಸುಮ್ಮನೆ ಕೂತರೆ ನಿದ್ದೆ ಬರುತ್ತದೆ, ನಿದ್ದೆ ಬಂದರೆ ಮಗನ ಮಾತು ನೆನಪಾಗುತ್ತದೆ. ಅದಕ್ಕೆ ಅಕಿ ಮಾಡೋದನ್ನ ನೋಡಲಿಕ್ಕೆ ಹತ್ತಿದೆ. ನಾನು ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು. ಕನ್ನಡ ಬೆರಳಿಟ್ಟು ಓದುತ್ತೇನೆ, ಇಂಗ್ಲಿಷು ಕಂಡರೆ ಕನ್ನಡಕ ಒರೆಸಿಕೊಳ್ಳುತ್ತೇನೆ, ಕನ್ನಡಕದ್ದೇ ತಪ್ಪು ಅನ್ನುವ ಹಾಗೆ. ಆ ಸಾಫ್ಟ್‌ವೇರ್ ತುಂಬ ಇಂಗ್ಲಿಷೇ. ಆದರೆ ಒಂದು ಮಧ್ಯಾಹ್ನ ಬೇಸರಕ್ಕೆ ದಿಟ್ಟಿಸಿ ನೋಡಿದೆ, ಇದು ಕೌದಿ ಅಲ್ಲೇನು ಅನ್ನಿಸಿತು. ಹಳೆಯ ಸೀರೆ, ಧೋತರದ ತುಂಡು ಹಾಸಿ ಕೌದಿ ಹೊಲಿಯೋದರಲ್ಲಿ ನನ್ನ ಕೈ ಛಲೋ ಅಂತ ನಾಲ್ಕು ಮಂದಿ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಲ್ಯಾಪ್‌ಟಾಪಿನ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಚೌಕ. ಹಾಲಿನಲ್ಲಿ ಪರದೆ ಎಲ್ಲೆಲ್ಲಿ ನಿಂತಿದೆಯೋ ಇಲ್ಲೂ ಅಲ್ಲಲ್ಲೇ ಚೌಕ. ಚಿತ್ರವನ್ನು ಎಳೆದು ತಂದು ಅವುಗಳ ಮೇಲೆ ಹಾಸಿದರೆ ಎಷ್ಟು ಭಾಗ ಯಾವ ಚೌಕದೊಳಗೆ ಬಿತ್ತೋ ಅಷ್ಟೇ ಆ ಪರದೆಗೆ. ಕೆಳಗೆ ಉದ್ದಕ್ಕೆ ಪಟ್ಟಿ ಪಟ್ಟಿ, ಒಂದರ ಮೇಲೊಂದು ಪದರು. ಅದರ ಮೇಲೆ ಒಂದು ನೆಟ್ಟಗಿನ ಗೆರೆ ಎಡದಿಂದ ಬಲಕ್ಕೆ ಸೂಜಿಯಂತೆ ಸರಿಯುತ್ತಾ ಹೋಗುತ್ತದೆ. ಅದು ಯಾವ ಪಟ್ಟಿಯನ್ನು ಮುಟ್ಟುತ್ತದೋ ಆ ಚಿತ್ರ ಹೊರಗೆ ಹಾಲಿನಲ್ಲಿ ಏಳುತ್ತದೆ. ಪಟ್ಟಿಯ ಮಗ್ಗುಲಿಗೆ ಒಂದು ಕಣ್ಣು. ಮುಚ್ಚಿದರೆ ಆ ಪದರು ಮಾಯ. ಒಂದು ಕೀಲಿ, ಹಾಕಿದರೆ ಚಿತ್ರ ಅಲುಗಾಡೋದಿಲ್ಲ.

ಇದನ್ನೆಲ್ಲ ನಾನೇ ಕಂಡುಹಿಡಿದವಳಂತೆ ಸುಜಾತಾಗೆ ಹೇಳಿದೆ. ಅಕಿ ನಗಲಿಲ್ಲ. "ಹಂಗಾರ ಆಯಿ, ನಿನಗೊಂದು ಕೆಲಸ ಕೊಡ್ತೀನಿ" ಅಂದಳು. ಪ್ರತಿ ಚೌಕದ ಮೂಲೆಯಲ್ಲಿ ಒಂದು ಹಸಿರು ಚುಕ್ಕಿ ಇರುತ್ತದೆ. ಪರದೆಗೂ ಲ್ಯಾಪ್‌ಟಾಪಿಗೂ ನಂಟು ಇರುವತನಕ ಅದು ಹಸಿರು. ವೈರು ಸಡಿಲಾದರೆ ಕೆಂಪಾಗುತ್ತದೆ. ಕೆಂಪಾದ ಕೂಡಲೇ ನಾನು ಅಕಿಯ ಮೊಣಕೈ ಮುಟ್ಟಬೇಕು, ಅಷ್ಟೇ. ನೌಕರಿ ಸಿಕ್ಕಿತು ಅಂತ ಓಣಿಯಲ್ಲಿ ಹೇಳಿಕೊಂಡು ಬಂದೆ. ಏನು ನೌಕರಿ ಅಂದರು. ಚುಕ್ಕಿ ಕಾಯೋದು ಅಂದೆ. ಕಾಲು ಹೋದ ಮೇಲೆ ತಲೆಯೂ ಹೋಯಿತು ಅಂದುಕೊಂಡಿರಬೇಕು.

ಎರಡು ಪರದೆಯ ನಡುವೆ ಸಂದು ಬಿಟ್ಟಿರುತ್ತಾರೆ. ಆ ಸಂದಿನ ಲೆಕ್ಕ ತಪ್ಪಿದರೆ ಬಹಳ ಫಜೀತಿ. ಒಂದು ಲಗ್ನದಲ್ಲಿ ಮದುಮಗನ ಮೂಗು ಸರಿಯಾಗಿ ಸಂದಿಯೊಳಗೆ ಹೋಯಿತು. ಎರಡು ಕಣ್ಣು ಎರಡು ಪರದೆಯಲ್ಲಿ, ನಡುವೆ ಏನೂ ಇಲ್ಲ. ಹೆಣ್ಣಿನ ಕಡೆಯ ಮುದುಕಿಯೊಬ್ಬಳು, ಹುಡುಗ ಛಲೋ ಕಾಣತಾನ, ಮೂಗೊಂದು ಬರಬೇಕಿತ್ತು ಅಂದಳು. ಸುಜಾತಾ ಚಿತ್ರವನ್ನ ಚೂರು ಬದಿಗೆ ಸರಿಸಿದಳು, ಮೂಗು ಬಂತು. ಇಂಥ ದಿನ ಮನೆಗೆ ಬರುವಾಗ ದಣಿವೂ ಇರುತ್ತಿತ್ತು, ಹೊಟ್ಟೆ ಹಿಡಿದುಕೊಂಡು ನಗುವುದೂ ಇರುತ್ತಿತ್ತು.

ಆದರೆ ಕಾಲು ಊದಲಿಕ್ಕೆ ಹತ್ತಿದವು. ಟೆಂಪೋ ಇಳಿಯುವಾಗ ಹುಡುಗರು ರಟ್ಟೆ ಹಿಡಿಯಬೇಕಾಗಿ ಬಂತು. ನಾನು ಒಲ್ಲೆ ಅಂದರೆ ಅಕಿಯದು ಮುಗಿಯಿತು; ಇದು ನನಗೂ ಗೊತ್ತು, ಅಕಿಗೂ ಗೊತ್ತು. ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ. ಒಮ್ಮೆ ಮಾತ್ರ ಅಕಿ ಬಗ್ಗಿ ನೋಡಿ, "ಆಯಿ, ಕಾಲು ಬಾತಾವಲ್ಲ" ಅಂದಳು.

"ಇಲ್ಲವಾ, ಚಪ್ಪಲಿ ಸಣ್ಣ ಆಗ್ಯಾವು" ಅಂದೆ.

ಮರುದಿನದಿಂದ ನನ್ನ ಕಾಲ ಕೆಳಗೆ ಸ್ಪೀಕರಿನ ಖಾಲಿ ಪೆಟ್ಟಿಗೆಯೊಂದು ಬಂತು, ಅದರ ಮೇಲೆ ಮಡಚಿದ ಗೋಣಿ. ಕೆಲಸದ ನಡುವೆಯೂ ಒಂದು ಕಣ್ಣು ನನ್ನ ಮೇಲೆ. ನೀರು ಕುಡಿದೆಯಾ, ಗುಳಿಗೆ ನುಂಗಿದೆಯಾ, ಎದ್ದು ನಾಲ್ಕು ಹೆಜ್ಜೆ ಅಡ್ಡಾಡು. ನಾನು ಅಕಿಯನ್ನ ಕಾಯಲಿಕ್ಕೆ ಬಂದವಳು ಅಂತ ಮಗ ತಿಳಿದಿದ್ದ. ನಾನೂ ಹಂಗೇ ತಿಳಿದಿದ್ದೆ.

ನವನಗರದ ಸಾಲಿಯೊಂದರ ಗ್ಯಾದರಿಂಗ್ ದಿನ ಬಂತು. ಮಕ್ಕಳ ಕುಣಿತ, ಬಹುಮಾನ ಎಲ್ಲ ಇರುತ್ತದಲ್ಲ, ಅದು. ಸಂಜೆಯ ಗಾಳಿಗೆ ಮೈದಾನದ ಮಣ್ಣು ಎದ್ದು ಮುಖಕ್ಕೆ ಬಡಿಯುತ್ತಿತ್ತು. ವೇದಿಕೆಯ ಮೇಲೆ ಮುಖ್ಯ ಅತಿಥಿಗಳು ಮಾತಾಡುತ್ತಿದ್ದರು, ಶಿಸ್ತಿನ ಬಗ್ಗೆ. ಕ್ಯಾಮೆರಾ ಹಿಡಿದ ಅವರ ಮುಖ ನಡುವಿನ ಪರದೆಯ ಮೇಲೆ ದೊಡ್ಡದಾಗಿ. ಆಗ ಒಂದು ಚುಕ್ಕಿ ಕೆಂಪಾಯಿತು. ನಾನು ಮೊಣಕೈ ಮುಟ್ಟಿದೆ. ಸುಜಾತಾ ಮೇಜಿನ ಕೆಳಗೆ ಬಗ್ಗಿ ವೈರು ಹುಡುಕಲಿಕ್ಕೆ ಹತ್ತಿದಳು, ಹಸಿರಾದರೆ ಹೇಳು ಆಯಿ ಅಂದಳು. ನಾನು ನೋಡುತ್ತೇನೆ, ಏನೂ ಕಾಣವಲ್ಲದು. ಅಷ್ಟರಲ್ಲಿ ಮತ್ತೊಂದು ಗಾಳಿ ಬೀಸಿ ಲ್ಯಾಪ್‌ಟಾಪಿನ ಗಾಜಿನ ಮೇಲೆ ಮಣ್ಣು ಕೂತಿತ್ತು. ಕೊಟ್ಟ ಕೆಲಸ ನೆಟ್ಟಗೆ ಮಾಡಬೇಕಲ್ಲ? ಸೆರಗು ಬೆರಳಿಗೆ ಸುತ್ತಿ ಗಾಜನ್ನು ಒರೆಸಿದೆ.

ಆ ಗಾಜು ಬೆರಳು ಮುಟ್ಟಿದರೆ ತಿಳಿಯುವ ಜಾತಿಯದು. ಅಷ್ಟು ದಿನ ಮಗ್ಗುಲಲ್ಲೇ ಕೂತವಳಿಗೆ ಅದೊಂದು ತಿಳಿದಿರಲಿಲ್ಲ. ಮುಖ್ಯ ಅತಿಥಿಗಳು ನಡುವಿನ ಪರದೆ ಬಿಟ್ಟು ಸರ್ರನೆ ಬಲಕ್ಕೆ ಹೋದರು. ಕಡೆಯ ಪರದೆಯಲ್ಲಿ ಬರೀ ಒಂದು ಕಿವಿ ಉಳಿಯಿತು, ಆಳೆತ್ತರದ ಕಿವಿ. ಮಕ್ಕಳು ನಕ್ಕರು. ನಾನು ಗಾಬರಿಯಾಗಿ ಅವರನ್ನ ವಾಪಸ್ ತರಲಿಕ್ಕೆ ಮತ್ತೊಮ್ಮೆ ಒರೆಸಿದೆ. ಅವರು ಮೇಲಕ್ಕೆ ಹೋದರು. ಈಗ ಗದ್ದ ಮಾತ್ರ, ಅದೂ ಶಿಸ್ತಿನ ಬಗ್ಗೆ ಮಾತಾಡುತ್ತಾ. ಮೈದಾನಕ್ಕೆ ಮೈದಾನವೇ ಹೋ ಅಂತು. ಪಾಪ ಅವರು ಎಡಕ್ಕೆ ಬಲಕ್ಕೆ ತಿರುಗಿ ತಮ್ಮನ್ನೇ ತಾವು ಹುಡುಕುತ್ತಿದ್ದರು.

ಸುಜಾತಾ ಮೇಜಿನಡಿಯಿಂದ ಎದ್ದಳು. ಒಮ್ಮೆ ಪರದೆ ನೋಡಿದಳು, ಒಮ್ಮೆ ಸೆರಗು ನೋಡಿದಳು. ಎರಡು ಗುಂಡಿ ಒತ್ತಿದಳು, ಅತಿಥಿಗಳು ತಮ್ಮ ಜಾಗಕ್ಕೆ ಬಂದರು, ಕೀಲಿಯ ಗುರುತು ಮುಟ್ಟಿದಳು. ಅಷ್ಟರಲ್ಲಿ ಮಾಸ್ತರರೊಬ್ಬರು ಸಿಟ್ಟಿನಿಂದ ಓಡಿ ಬಂದರು. ಯಾರು ಮಾಡಿದ್ದಿದು ಅಂತ ಅವರು ನನ್ನ ಕಡೆ ನೋಡುತ್ತಿದ್ದರು.

"ತಪ್ಪು ನಂದ್ರಿ ಸರ. ಕೀಲಿ ಹಾಕೂದು ಮರ್ತಿದ್ದೆ. ಇನ್ನ ಆಗಂಗಿಲ್ರಿ" ಅಂದಳು ಸುಜಾತಾ.

ಅವರು ಹೋದರು. ನಾನು ಕುರ್ಚಿಯಲ್ಲಿ ಮುದ್ದೆಯಾಗಿ ಕೂತಿದ್ದೆ. ಎದ್ದು ಟೆಂಪೋದೊಳಗೆ ಕೂಡುತ್ತೇನೆ ಅಂದೆ. ಅಕಿ ನನ್ನ ಕಡೆ ತಿರುಗಲಿಲ್ಲ, ಮುಂದಿನ ಕುಣಿತಕ್ಕೆ ಚಿತ್ರ ಏರಿಸುತ್ತಿದ್ದಳು. "ನೀ ಹ್ವಾದ್ರ ಚುಕ್ಕಿ ಯಾರು ನೋಡಬೇಕು" ಅಂದಳು. ಕೂತೆ. ಚುಕ್ಕಿ ನೋಡಿದೆ. ಎಲ್ಲವೂ ಹಸಿರು, ಕಣ್ಣು ತುಂಬಿದ್ದಕ್ಕೆ ಎರಡೆರಡು ಕಾಣುತ್ತಿದ್ದವು.

ಬಸು ಮೈಕಿನ ಪೆಟ್ಟಿಗೆ ಒಯ್ಯಲಿಕ್ಕೆ ಬಂದವನು ಹಿಂದೆಯೇ ನಿಂತಿದ್ದನಂತೆ. ಕಿವಿಯಿಂದ ಗದ್ದದತನಕ ಎಲ್ಲವನ್ನೂ ನೋಡಿದ್ದ. ಟೆಂಪೋದಲ್ಲಿ ದಾರಿಯುದ್ದಕ್ಕೂ ಮಾತಿಲ್ಲ. ಇವನು ಸುಮ್ಮನಿದ್ದರೆ ಏನೋ ನಿರ್ಧಾರ ಮಾಡಿದ್ದಾನೆ ಅಂತಲೇ ಅರ್ಥ. ಸುಜಾತಾ ಲ್ಯಾಪ್‌ಟಾಪಿನ ಚೀಲವನ್ನ ಎದೆಗೆ ಅಪ್ಪಿಕೊಂಡು ಕೂತಿದ್ದಳು. ಮನೆ ಮುಂದೆ ಗಾಡಿ ನಿಲ್ಲಿಸಿ ಅವನು ಅಂದ, "ಯವ್ವಾ, ಇನ್ನ ಮ್ಯಾಲೆ ನೀ ಹೋಗಬ್ಯಾಡ."

ಹುಡುಗಿಯ ಮುಖ ಇಳಿದದ್ದು ಕತ್ತಲಲ್ಲೂ ಕಂಡಿತು. ಸೆರಗು ಸೊಂಟಕ್ಕೆ ಸಿಗಿಸಿಕೊಳ್ಳುತ್ತೇನೆ, ಕೈ ಕಟ್ಟಿ ಕೂಡುತ್ತೇನೆ, ನನ್ನ ತಪ್ಪಿಗೆ ಅಕಿಯ ಕೆಲಸ ಬಿಡಿಸಬೇಡ ಅಂತ ನಾನು ಹೇಳುತ್ತಲೇ ಇದ್ದೆ. ಅವನು ಸ್ಟಿಯರಿಂಗ್ ನೋಡುತ್ತಾ ಕೂತಿದ್ದ.

"ಅಕಿದು ಬಿಡ್ಸು ಅಂತ ಯಾರಂದ್ರು? ಅಕಿ ಹೋಗ್ಲಿ. ನಾ ಹಿಂದ ನಿಂತು ನೋಡೇನಲ್ಲ ಯವ್ವಾ, ಅಲ್ಲೆ ಯಾರು ಯಾರನ್ನ ಕಾಯಾಕತ್ತಾರಂತ."

ಇಳಿಯುವಾಗ ಅವನೇ ರಟ್ಟೆ ಹಿಡಿದ.

ಸಂತೋಷ ಆಯಿತು, ಆಗದೇ ಏನು. ಓಣಿಯಲ್ಲಿ ಮನೆ ಮನೆಗೆ ಹೇಳಿ ಬಂದೆ, ನನ್ನ ಮೊಮ್ಮಗಳು ಒಬ್ಬಳೇ ಹೋಗುತ್ತಾಳೆ ಅಂತ. ಆದರೆ ಮೊದಮೊದಲು ಅಕಿ ಹೋದ ಮೇಲೆ ಮನೆಯಲ್ಲಿ ಕೂಡಲಾಗುತ್ತಿರಲಿಲ್ಲ. ಈಗ ಪರದೆ ಏರಿಸಿರಬೇಕು, ಈಗ ಹಚ್ಚಿರಬೇಕು ಅಂತ ಎಣಿಸುತ್ತಾ ಕಟ್ಟೆಯ ಮೇಲೆ ಕೂತರೆ ಅಲ್ಲಿ ಕೂತಿದ್ದಕ್ಕಿಂತ ಹೆಚ್ಚಿಗೆ ದಣಿವು. ಅಲ್ಲಾದರೆ ನೋಡಲಿಕ್ಕೆ ಚುಕ್ಕಿ ಇತ್ತು. ಇಲ್ಲಿ ಓಣಿಯ ತಿರುವು ಒಂದೇ. ಅಕಿ ಬಂದು ಚಪ್ಪಲಿ ಬಿಡುವತನಕ ನನ್ನ ಕಣ್ಣು ಅಲ್ಲೇ. ಇದು ಬಹಳ ದಿನ ನಡೆಯಿತು.

ನಿನ್ನೆ ದೇಶಪಾಂಡೆ ನಗರದ ಕಲ್ಯಾಣ ಮಂಟಪದಲ್ಲಿ ಅಕಿಗೆ ಒಂದು ಲಗ್ನದ ಕೆಲಸ ಇತ್ತು. ಹೆಣ್ಣಿನ ತಂದೆ ಬಸುಗೆ ಗುರುತಿನವರು, ಮನೆಮಂದಿಗೆಲ್ಲ ಕರೆ ಇತ್ತು. ನಾನು ಹೋಗಿ ಅಭ್ಯಾಸಬಲದಿಂದ ನೇರ ಹಿಂದಿನ ಮೇಜಿನ ಕಡೆ ನಡೆದೆ. ಸುಜಾತಾ ಅಡ್ಡ ನಿಂತು, ಮುಂದೆ ಹೋಗಿ ಕೂಡು ಆಯಿ, ಮಂದಿ ನೋಡಿದ ಹಾಗೆ ನೋಡು ಅಂದಳು. ಕೈ ಹಿಡಿದು ಮುಂದಿನ ಸಾಲಿನಲ್ಲಿ ಕೂಡಿಸಿ ಹೋದಳು. ಇಷ್ಟು ದಿನ ಅಂಗೈಯಗಲದ ಚೌಕ ನೋಡಿದವಳು ನಾನು. ಅಕ್ಷತೆಯ ಹೊತ್ತಿಗೆ ಎಲ್ಲ ಪರದೆಗಳೂ ಒಟ್ಟಿಗೆ ಹತ್ತಿದವು. ಗೋಡೆಯಿಂದ ಗೋಡೆಯತನಕ ಕೆಂಡಸಂಪಿಗೆಯ ಹೂವು ಸಾವಕಾಶ ಅರಳುತ್ತಾ ಹೋಯಿತು, ಒಂದು ಪರದೆಯಿಂದ ಇನ್ನೊಂದಕ್ಕೆ, ಸಂದಿ ಅನ್ನೋದೇ ಇಲ್ಲದಂತೆ. ನನಗೆ ಕೈಯಲ್ಲಿದ್ದ ಅಕ್ಷತೆ ಒಗೆಯೋದೇ ಮರೆತುಹೋಯಿತು.

ಮಗ್ಗುಲಿನ ಹೆಣ್ಣುಮಗಳು ಮಾತಿಗೆಳೆದಳು. "ನೀವು ಹೆಣ್ಣಿನ ಕಡೆಯವರೋ, ಗಂಡಿನ ಕಡೆಯವರೋ?"

"ಪರದೆ ಕಡೆಯವರ್ರಿ" ಅಂದೆ.

ಆಕೆಗೆ ತಿಳಿಯಲಿಲ್ಲ. ತಿಳಿಸಿ ಹೇಳಲಿಕ್ಕೆ ಶುರು ಮಾಡಿದೆ. ಮಂಗಳಾರತಿ ಆಗುವತನಕ ಹೇಳುತ್ತಲೇ ಇದ್ದೆ, ಆಕೆ ಜಾಗ ಬದಲಿ ಮಾಡುವತನಕ. ಆಕೆ ಎದ್ದು ಹೋದ ಮೇಲೆ ನೆನಪಾಯಿತು, ಇಷ್ಟು ಹೊತ್ತಿನಲ್ಲಿ ಒಮ್ಮೆಯೂ ನಾನು ಹಿಂದೆ ತಿರುಗಿ ಅಕಿ ಇದ್ದಾಳೋ ಇಲ್ಲೋ ಅಂತ ನೋಡಿಯೇ ಇಲ್ಲ.

ಇವತ್ತು ಅಕಿ ಬೆಳಗಾವಿ ಕಡೆ ಹೋಗಿದ್ದಾಳೆ, ಟೆಂಪೋದ ಮುಂದಿನ ಸೀಟಿನಲ್ಲಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು. ಯಾವಾಗ ಬರುತ್ತೀ ಅಂತ ನಾನು ಕೇಳಲಿಲ್ಲ. ಕೇಳಲಿಲ್ಲವಲ್ಲ ಅಂತ ಅಕಿಯೇ ಬಾಗಿಲಲ್ಲಿ ಒಂದು ಗಳಿಗೆ ನಿಂತು ನೋಡಿ ಹೋದಳು. ಬಿಸಿಲು ಇನ್ನೂ ಕಟ್ಟೆಯ ಮೇಲಿದೆ. ಹಗಲು ಹೊತ್ತಿನಲ್ಲಿ ಮಲಗಿದರೆ ಮನೆಗೆ ದರಿದ್ರ ಅಂತಾರೆ, ಅನ್ನಲಿ. ಎಷ್ಟೋ ದಿನದ ನಿದ್ದೆ ಬಾಕಿ ಇದೆ ನೋಡ್ರಿ, ಒಂದೀಟು ಅಡ್ಡಾಗುತ್ತೇನೆ.