ತಟ್ಟಿಯ ಆಚೆ ಅಕ್ಕ

ಹಳ್ಳಿಯಲ್ಲಿ ಹುಟ್ಟಿ ಬೆಳೆದವರಿಗೆ ಬುದ್ಧಿ ಕೆಡುವುದಿಲ್ಲ ಎಂದು ನಮ್ಮಮ್ಮ ನಂಬಿದ್ದಳು. ಬಂಗಾರಪೇಟೆ ಪಕ್ಕದ ನಮ್ಮೂರಲ್ಲೇ ಇಬ್ಬರು ತಮ್ಮಷ್ಟಕ್ಕೆ ತಾವು ಮಾತಾಡಿಕೊಂಡು ತಿರುಗುತ್ತಿದ್ದರು. ಅವರ ವಿಷಯ ಎತ್ತಿದರೆ, “ಅದು ಗಾಳಿ ಸೋಕಿರೋದು, ಬ್ಯಾರೆ” ಅನ್ನುವಳು. ಅವಳ ಹತ್ತಿರ ವಾದ ಮಾಡಿ ಗೆದ್ದವರಿಲ್ಲ.

ಅಕ್ಕನನ್ನು ಕೋಲಾರದ ಊರಿಗಾಂ ಚಿನ್ನದ ಗಣಿಯ ಕೆಲಸಗಾರನಿಗೆ ಕೊಟ್ಟಿದ್ದೆವು. ಅಲ್ಲಿ ಕೆಲಸಗಾರರ ಸಾಲುಮನೆಗಳ ಲೈನಿನಲ್ಲಿ ಮನೆಗೂ ಮನೆಗೂ ನಡುವೆ ಬರೀ ಬಿದಿರು ತಟ್ಟಿ. ಆ ಮನೆಯವರು ಕೆಮ್ಮಿದರೆ ಈ ಮನೆಗೆ ಕೇಳಿಸುತ್ತಿತ್ತು. ದಿನಾ ಬೆಳಿಗ್ಗೆ ಪಕ್ಕದ ಮನೆಯ ತಮಿಳು ಹೆಂಗಸು ತಟ್ಟಿ ಬಡಿದು, “ಒಲೆ ಹತ್ತಿತಾ? ಒಂದ್ ಕೆಂಡ ಕೊಡಮ್ಮಾ” ಎಂದು ಕೇಳುವಳು.

ಒಂದು ದಿನ ಗಣಿಯ ಆಳದಲ್ಲಿ ಬಂಡೆ ಸಿಡಿದು ಲೈನೆಲ್ಲ ನಡುಗಿತು. ಭಾವ ಕ್ಷೇಮವಾಗಿ ಮೇಲೆ ಬಂದ. ಆದರೆ ಅಕ್ಕ ಅವತ್ತಿನಿಂದ ಮಾತು ಬಿಟ್ಟಳು, ಊಟ ಬಿಟ್ಟಳು.

“ಆ ಸಂತೆ ಗದ್ಲದಾಗೆ ಇನ್ನೇನಾಯ್ತದೆ” ಎಂದು ಅಮ್ಮ ಅವಳನ್ನು ಊರಿಗೆ ಕರೆತಂದಳು. ಅಡುಗೆಮನೆ ಪಕ್ಕದ ಕೋಣೆಯಲ್ಲಿ ಹಾಸಿಗೆ ಹಾಕಿಕೊಟ್ಟಳು. ಯಾರೂ ಮಾತಾಡಿಸಕೂಡದು, ಒಂದು ಕಡ್ಡಿ ಕೆಲಸ ಹೇಳಕೂಡದು. ಅಮ್ಮನ ಪ್ರಕಾರ ನೆಮ್ಮದಿ ಎಂದರೆ ಅದು. ಎರಡು ವಾರದಲ್ಲಿ ಅಕ್ಕ ಗೋಡೆ ಕಡೆ ಮುಖ ಮಾಡಿ ಮಲಗಿದವಳು ಏಳುವುದನ್ನೇ ನಿಲ್ಲಿಸಿದಳು. ನನಗೆ ಅಮ್ಮನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆಗ ಆ ತಮಿಳು ಹೆಂಗಸು ರೈಲು ಹತ್ತಿ ನೋಡಲು ಬಂದಳು. ಮೊಳದಪ್ಪದ ಮಣ್ಣುಗೋಡೆಯನ್ನು ಕೈಯಿಂದ ಬಡಿದು ನೋಡಿದಳು. ಸದ್ದೇ ಬರಲಿಲ್ಲ.

“ಈ ಗೋಡೆ ಆಚೆ ಯಾರೋ ಇದಾರೆ ಅಂತ ಅವಳ್ಗೆ ಗೊತ್ತಾಗ್ಬೇಕಲ್ಲಮ್ಮಾ? ಒಂದು ತಟ್ಟಿ ಕಟ್ಟಿ. ಒಂದು ಒಲೆ ಕೊಡಿ.”

“ಗೋಡೆ ಕೆಡವಿ ತಟ್ಟಿ ಕಟ್ಟೋಕೆ ನಮ್ಗೇನು ಬಂದೈತೆ?” ಎಂದು ಅಮ್ಮ ಸಿಡುಕಿದಳು. ಆದರೂ ಮುಂದಿನ ಸಂತೆಯಲ್ಲಿ ತಟ್ಟಿ ತಂದಳು. ಅಪ್ಪ ಗೊಣಗುತ್ತಲೇ ಗೋಡೆ ಕೆಡವಿ, ಅಡುಗೆಮನೆಗೂ ಅಕ್ಕನ ಕೋಣೆಗೂ ನಡುವೆ ತಟ್ಟಿ ಕಟ್ಟಿದ.

ಪಟ್ಟಣದಲ್ಲಿ ಬೆಳೆದವರಿಗೇ ಬುದ್ಧಿ ಕೆಡುವ ಕಾಯಿಲೆ ಹೆಚ್ಚು ಎಂದು ಓದಿಕೊಂಡವರು ಈಗ ಹೇಳುತ್ತಾರೆ. ಇರಬಹುದು. ನಾನು ಕಂಡದ್ದು ನಮ್ಮಕ್ಕನೊಬ್ಬಳನ್ನು.

ಅಕ್ಕನ ಕೋಣೆಯ ಒಲೆಯನ್ನು ಬೆಳಿಗ್ಗೆ ನಾನೇ ಹಚ್ಚಿಡುತ್ತಿದ್ದೆ. ಅಮ್ಮ ಈಚೆಯಿಂದ ತಟ್ಟಿ ಬಡಿದು, “ಒಲೆ ಹತ್ತಿತಾ?” ಅನ್ನುವಳು. ಒಂದು ವಾರ ಹೀಗೇ ಕಳೆಯಿತು. ಎಂಟನೆಯ ದಿನ ಆಚೆಯಿಂದ ಸಣ್ಣ ದನಿ ಬಂತು.

“ಊಂ. ನಿಮ್ದು?”

ಅಮ್ಮನ ಒಲೆ ಧಗಧಗ ಉರಿಯುತ್ತಿತ್ತು, ಮೇಲೆ ಮುದ್ದೆಗೆ ಎಸರು ಕುದಿಯುತ್ತಿತ್ತು. ಅಮ್ಮ ನನ್ನ ಮುಖ ನೋಡಿದಳು. ಎಸರಿನ ಪಾತ್ರೆ ಇಳಿಸಿ, ಒಂದು ಚೆಂಬು ನೀರನ್ನು ಒಲೆಗೆ ಸುರಿದಳು.

“ಇಲ್ಲ ಕಣವ್ವ” ಅಂದಳು, “ಒಂದ್ ಕೆಂಡ ಕೊಡು.”

ಅಕ್ಕ ಬೆರಣಿಯ ಮೇಲೆ ಕೆಂಡ ಇಟ್ಟುಕೊಂಡು ತಾನೇ ಎದ್ದು ಬಂದಳು.