ಬೆಂಕಿಕಡ್ಡಿಗೆ ಹೆದರದ ಹಲಗೆ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಉಡುಪಿಯ ಒಂದು ಪ್ಲೈವುಡ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕಾಪುವಿನ ಮನೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ಬಂದರೆ ಸಂಜೆಯವರೆಗೆ ಗಿರಾಕಿಗಳ ಜೊತೆ ಮಾತಾಡುವುದೇ ಉದ್ಯೋಗ. ಮಾತಿನಲ್ಲಿ ನಾನು ಯಾರಿಗೂ ಬಗ್ಗುವವನಲ್ಲ ಎಂಬ ಜಂಬ ನನಗೆ ಧಾರಾಳವಾಗಿತ್ತು.

ಆಗ ನಮ್ಮ ಕಡೆ ಹಾರ್ಡ್‌ಬೋರ್ಡ್ ಹೊಸದು. ಮರವನ್ನು ನಾರುನಾರಾಗಿ ಅರೆದು, ಬಿಸಿಯಲ್ಲಿ ಒತ್ತಿ ಮಾಡಿದ ತೆಳು ಹಲಗೆ. ಒಂದು ಮೈ ನುಣ್ಣಗೆ ಹೊಳೆಯುತ್ತದೆ, ಇನ್ನೊಂದು ಮೈ ಗೋಣಿತಾಟಿನ ಹಾಗೆ ಒರಟು. ಗಲ್ಫಿನಿಂದ ಬಂದವರು ಹೊಸ ಮನೆಯ ಕಪಾಟುಗಳಿಗೆ ಕೊಂಡುಹೋಗುತ್ತಿದ್ದರು. ಮಣಿಪಾಲದವರು ಒಂದು ಕೋಣೆಯನ್ನು ಎರಡು ಮಾಡಿ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡಲು ಕೊಂಡುಹೋಗುತ್ತಿದ್ದರು. ಎಲ್ಲರೂ ಕೇಳುವ ಪ್ರಶ್ನೆ ಮಾತ್ರ ಒಂದೇ. ಇದಕ್ಕೆ ಬೆಂಕಿ ಹಿಡಿಯುತ್ತದಾ?

ಅದಕ್ಕೆ ಉತ್ತರ ನನ್ನ ಅಂಗಿಯ ಜೇಬಿನಲ್ಲಿತ್ತು, ಬೆಂಕಿಪೆಟ್ಟಿಗೆಯ ರೂಪದಲ್ಲಿ. ಬೋರ್ಡು ಮಾರಲು ಊರೂರು ತಿರುಗುವ ಒಬ್ಬ ಸೇಲ್ಸ್‌ಮನ್ ಕಲಿಸಿಕೊಟ್ಟ ವಿದ್ಯೆ ಅದು. ಕಡ್ಡಿ ಗೀರಿ ಹಲಗೆಯ ನುಣ್ಣನೆಯ ಮೈಗೆ ಹಿಡಿಯಬೇಕು. ಕಡ್ಡಿ ಉರಿದು ಬೆರಳಿನವರೆಗೆ ಬಂದು ಆರುತ್ತದೆ. ಹಲಗೆಯ ಮೇಲೆ ಒಂದು ಕರಿ ಮಚ್ಚೆ. ಅದನ್ನು ಹೆಬ್ಬೆರಳಿನಿಂದ ಒರೆಸಿ, ಗಿರಾಕಿಯ ಮುಖ ನೋಡಿ, "ಎಂತ ಆಯಿತು? ಎಂತದೂ ಇಲ್ಲ" ಎನ್ನಬೇಕು. ಅಷ್ಟೇ. ಮೋಸ ಮಾಡುತ್ತಿದ್ದೇನೆ ಎಂದು ನನಗೆ ಒಂದು ದಿನವೂ ಅನಿಸಿರಲಿಲ್ಲ. ನನ್ನ ಕಣ್ಣೆದುರೇ ಹಲಗೆ ಉರಿಯುತ್ತಿರಲಿಲ್ಲವಲ್ಲ!

ಮಳೆಗಾಲ ಮುಗಿದ ಮೇಲೆ ಕಾರ್ಕಳದಿಂದ ಒಬ್ಬರು ಬಂದರು. ಗಂಡ ಹೆಂಡತಿ ಸೇರಿ ಪುಟ್ಟ ಹೋಟೆಲು ನಡೆಸುತ್ತಿದ್ದರು. ಕೆಳಗೆ ಹೋಟೆಲು, ಮೇಲಿನ ಅಟ್ಟದಲ್ಲಿ ಮಕ್ಕಳಿಬ್ಬರು ಮಲಗುವುದು. ಒಲೆಯ ಹೊಗೆ ಹೋಗುವ ತಗಡಿನ ಕೊಳವೆ ಅದೇ ಅಟ್ಟದ ಮೂಲೆಯಲ್ಲಿ ಹಾದು ಮಾಡಿನಿಂದ ಹೊರಗೆ ಹೋಗುತ್ತಿತ್ತು. ಸಣ್ಣವನು ಅದನ್ನು ಮುಟ್ಟಿ ಕೈ ಸುಟ್ಟುಕೊಂಡಿದ್ದ. ಕೊಳವೆಯ ಸುತ್ತ ಒಂದು ಪೆಟ್ಟಿಗೆಯ ಹಾಗೆ ಮುಚ್ಚಿಬಿಡಬೇಕು ಎಂದರು.

"ಬಿಸಿ ತಾಗುವ ಜಾಗ, ಸಾಹೇಬರೇ. ಬೆಂಕಿಯ ಹೆದರಿಕೆ ಎಂತದೂ ಇಲ್ಲ ಅಲ್ವಾ?" ಎಂದು ಕೇಳಿದರು. ನಾನು ಕಡ್ಡಿ ಗೀರಿದೆ. ಅವರು ತಲೆಯಾಡಿಸಿ ಎರಡು ಹಲಗೆ ಕಟ್ಟಿಸಿ ಬಸ್ಸಿನ ಮೇಲೆ ಹಾಕಿಸಿಕೊಂಡು ಹೋದರು.

ಎರಡು ತಿಂಗಳು ಕಳೆಯಿತು. ಅಂಗಡಿಯಲ್ಲಿ ಉಳಿದ ಒಂದು ತುಂಡು ಬೋರ್ಡನ್ನು ನಾನು ಮನೆಗೆ ತಂದೆ. ನಮ್ಮ ಅಡುಗೆಮನೆಯ ಒಲೆಯ ಹಿಂದಿನ ಗೋಡೆ ಮಸಿ ಹಿಡಿದು ನೋಡುವ ಹಾಗಿರಲಿಲ್ಲ. ಅದನ್ನು ಮುಚ್ಚಿ ನನ್ನ ತಾಯಿಯನ್ನು, ಉಮ್ಮನನ್ನು, ಖುಷಿಪಡಿಸುವ ಆಸೆ ನನಗೆ. ಉಮ್ಮ ಅಡುಗೆ ಮಾಡುತ್ತಿದ್ದದ್ದು ಮರದ ಹುಡಿಯ ಒಲೆಯಲ್ಲಿ. ಅದು ಒಂದು ತಗಡಿನ ಡಬ್ಬಿ. ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಮಿಲ್ಲಿನ ಹುಡಿಯನ್ನು ಗಟ್ಟಿಯಾಗಿ ಜಡಿದು, ಮೆಲ್ಲಗೆ ಬಾಟಲಿ ಎಳೆದರೆ ಒಲೆ ತಯಾರು. ಒಮ್ಮೆ ಹೊತ್ತಿಕೊಂಡರೆ ಮಧ್ಯಾಹ್ನದವರೆಗೆ ಚಿಂತೆ ಇಲ್ಲ.

"ಒಲೆಯ ಹತ್ತಿರ ಬೇಡ," ಎಂದಳು ಉಮ್ಮ. ನನಗೆ ಸಿಟ್ಟು ಬಂತು. ಉಡುಪಿಯ ದೊಡ್ಡ ದೊಡ್ಡವರು ಒಪ್ಪಿದ ಮಾಲು ಇವಳಿಗೆ ಬೇಡವಂತೆ! ಜೇಬಿಗೆ ಕೈ ಹಾಕಿ ಅವಳಿಗೂ ಕಡ್ಡಿ ಗೀರಿ ತೋರಿಸಿದೆ.

ಉಮ್ಮ ನಕ್ಕುಬಿಟ್ಟಳು. "ಗಟ್ಟಿ ಜಡಿದ ಹುಡಿಗೆ ಒಂದು ಕಡ್ಡಿ ಸಾಕಾಗುವುದಿಲ್ಲ, ಅದು ನನಗೆ ದಿನಾ ಗೊತ್ತಾಗುತ್ತದೆ. ಹೊತ್ತಿಸಬೇಕಾದರೆ ಊದಿ ಊದಿ ಕಣ್ಣು ಹೋಗುತ್ತದೆ. ಹಿಡಿದ ಮೇಲೆ ಉರಿ ಕಾಣುವುದಿಲ್ಲ, ಒಳಗೊಳಗೇ ತಿನ್ನುತ್ತದೆ. ನಿನ್ನ ಹಲಗೆಯೂ ಮರದ್ದೇ ಅಲ್ವಾ ಮೋನೆ?"

ಓದುಬರಹ ಇಲ್ಲದವಳ ಮಾತು ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳೂ ವಾದಿಸಲಿಲ್ಲ. "ಸರಿ, ನೋಡುವ" ಎಂದು ಆ ತುಂಡನ್ನು ಒಲೆಯ ಡಬ್ಬಿಗೆ ಒತ್ತಿ ನಿಲ್ಲಿಸಿ ತನ್ನ ಕೆಲಸ ನೋಡಿಕೊಂಡಳು.

ಮುಂದಿನ ಭಾನುವಾರ ಹಲಗೆ ಅಲ್ಲೇ ಇತ್ತು. ನಮ್ಮ ಕಡೆಗಿದ್ದ ಮೈ ಸ್ವಲ್ಪ ಕಂದಿತ್ತು, ಹೊಳಪು ಹಾಗೆಯೇ ಇತ್ತು. "ನೋಡಿದೆಯಾ ಉಮ್ಮ?" ಎಂದೆ, ಗೆದ್ದವನ ಹಾಗೆ. ಅವಳು ಚಿಮಟದಲ್ಲಿ ಹಿಡಿದು ಅದನ್ನು ತಿರುಗಿಸಿದಳು. ಡಬ್ಬಿಗೆ ತಾಗಿದ್ದ ಭಾಗ ಪೂರ್ತಿ ಇದ್ದಿಲು. ಅವಳು ಬಗ್ಗಿ ಮೆಲ್ಲಗೆ ಊದಿದಳು. ಕಪ್ಪಿನ ಅಂಚಿನಲ್ಲಿ ಕೆಂಪು ಗೆರೆಯೊಂದು ಹರಿದಾಡಿತು. ಉರಿಯೇ ಇರಲಿಲ್ಲ. ನನಗೆ ಕಾರ್ಕಳದ ಅಟ್ಟ ನೆನಪಾಯಿತು.

ಉಮ್ಮನಿಗೆ ಎಲ್ಲ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. "ಮಕ್ಕಳು ಎಷ್ಟು ದೊಡ್ಡವು?" ಎಂದು ಮಾತ್ರ ಕೇಳಿದಳು. ಆಮೇಲೆ, "ಈಗಲೇ ಹೋಗು" ಎಂದಳು. ಊಟ ಮಾಡದೆ ಬಸ್ಸು ಹತ್ತಿದೆ. ಕಾರ್ಕಳದವರೆಗೂ ಬಸ್ಸು ಸಿಕ್ಕಿದಲ್ಲೆಲ್ಲ ಜನ ಹತ್ತಿಸಿಕೊಂಡಿತು. ಆ ಡ್ರೈವರನ್ನು ನಾನು ಮನಸ್ಸಿನಲ್ಲಿ ಬೈದಷ್ಟು ಯಾರನ್ನೂ ಬೈದಿಲ್ಲ.

ಹೋಟೆಲಿನವರು ನನ್ನನ್ನು ನೋಡಿ ಖುಷಿಯಿಂದ ಎದ್ದು ಬಂದರು. ಮಧ್ಯಾಹ್ನದ ಗಿರಾಕಿಗಳು ಹೋಗಿ, ಒಲೆ ಆರಿಸಿ ಗಂಟೆಯಾಗಿತ್ತು. ಆ ಹಲಗೆ ತೆಗೆಯಬೇಕು, ನನ್ನಿಂದ ತಪ್ಪಾಯಿತು ಎಂದೆ. ಅವರು ಒಪ್ಪಲೇ ಇಲ್ಲ.

"ಎಂತ ಮಾತು ಸಾಹೇಬರೇ! ಭಾರೀ ಒಳ್ಳೆಯ ಮಾಲು. ನಾನು ಇಲ್ಲಿಗೆ ಬಂದವರಿಗೆಲ್ಲ ತೋರಿಸಿದ್ದೇನೆ," ಎನ್ನುತ್ತ, ಕಪಾಟಿನ ಹಿಂದೆ ಉಳಿದಿದ್ದ ಒಂದು ಚೂರು ತಂದು ಕಡ್ಡಿ ಗೀರಿ ಹಿಡಿದರು. ಕಡ್ಡಿ ಆರಿತು. ಹೆಬ್ಬೆರಳಿನಿಂದ ಮಸಿ ಒರೆಸಿ ನನ್ನ ಮುಖ ನೋಡಿದರು. "ಎಂತ ಆಯಿತು? ಎಂತದೂ ಇಲ್ಲ."

ನನ್ನದೇ ಮಾತು, ನನ್ನದೇ ಬೆರಳಾಟ. ನಾಚಿಕೆಯಿಂದ ನೆಲ ನೋಡಿದೆ. ವಾದಿಸಿ ಗೆಲ್ಲಲು ಸಾಧ್ಯವಿರಲಿಲ್ಲ. ಅವರ ವಾದವನ್ನು ಗಟ್ಟಿ ಮಾಡಿಕೊಟ್ಟವನೇ ನಾನು. "ಒಮ್ಮೆ ಮೇಲೆ ಹೋಗಿ ನೋಡುವ, ಅಣ್ಣಾ. ಅಷ್ಟು ಮಾಡಿ ಸಾಕು" ಎಂದು ಬೇಡಿಕೊಂಡೆ.

ಅಟ್ಟದಲ್ಲಿ ಪೆಟ್ಟಿಗೆ ಚಂದವಾಗಿ ಕೂತಿತ್ತು, ಸಂದುಗೊಂದು ಇಲ್ಲದ ಹಾಗೆ. ಅದಕ್ಕೆ ಒತ್ತಿಕೊಂಡು ಎರಡು ಚಾಪೆ. ನಾನು ಅಂಗೈ ಇಟ್ಟು ನೋಡಿದೆ. ಒಲೆ ಆರಿ ಗಂಟೆಯಾಗಿದ್ದರೂ ಹಲಗೆ ಬಿಸಿಯಿತ್ತು.

"ಈ ಬೆಚ್ಚಗಿನ ಜಾಗಕ್ಕೆ ಮಕ್ಕಳಿಗೆ ದಿನಾ ಜಗಳ," ಎಂದರು ಅವರು ನಗುತ್ತ. "ಕಡೆಗೆ ಒಬ್ಬನಿಗೆ ಒಂದು ದಿನ, ಇನ್ನೊಬ್ಬನಿಗೆ ಒಂದು ದಿನ ಎಂದು ಮಾಡಿದ್ದೇವೆ."

ಅವರ ಹೆಂಡತಿ ನಮ್ಮ ಹಿಂದೆಯೇ ಹತ್ತಿ ಬಂದಿದ್ದರು. ನಾನು ಹೇಳಿದ್ದನ್ನೆಲ್ಲ ಕೆಳಗೆ ನಿಂತು ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ. ಕೈಯಲ್ಲಿ ನೀರು ತುಂಬಿದ ಕೊಡಪಾನ ಇತ್ತು. "ತೆಗೆಯಿರಿ" ಎಂದರು ಗಂಡನಿಗೆ. ಕತ್ತಿಯ ಮೊನೆಯಿಂದ ಮೀಟಿದಾಗ ಮೊಳೆಗಳು ಕಿತ್ತು ಬಂದವು. ಒಳಗಿನ ಮೈ ಕೊಳವೆಯ ಉದ್ದಕ್ಕೂ ಕಪ್ಪಾಗಿತ್ತು. ಹೊರಗಿನ ಗಾಳಿ ಒಳಹೊಕ್ಕಿದ್ದೇ ಅದರ ಅಂಚಿನಲ್ಲಿ ಕೆಂಪು ಗೆರೆ ಎದ್ದು, ತೆಳ್ಳಗೆ ಹೊಗೆ ಬಂತು. ಆ ಅಕ್ಕ ನೀರು ಸುರಿದರು. ಚಾಪೆಗಳು ಒದ್ದೆಯಾದವು.

ಹೋಟೆಲಿನವರು ಆ ಹಲಗೆಯ ಹೊರಮೈ ನೋಡಿದರು, ತಿರುಗಿಸಿ ಒಳಮೈ ನೋಡಿದರು. ಮತ್ತೆ ಹೊರಮೈ. ಚಾಪೆ ಮಡಿಸುತ್ತಿದ್ದ ಹೆಂಡತಿ ತಲೆ ಎತ್ತದೆ, "ಇವತ್ತು ಸಣ್ಣವನ ಸರದಿ" ಎಂದರು.

ಕೊಳವೆಯಿಂದ ಒಂದು ಮೊಳ ದೂರಕ್ಕೆ ಕಬ್ಬಿಣದ ಜಾಲರಿ ನಿಲ್ಲಿಸಲು ಗುರುತು ಹಾಕಿಕೊಟ್ಟು, ಆ ಹಲಗೆಯ ಒಂದು ತುಂಡು ಹಿಡಿದುಕೊಂಡು ಹೊರಟೆ. ಅಂಗಡಿಯಲ್ಲಿ ಅನಂತರವೂ ಹಾರ್ಡ್‌ಬೋರ್ಡ್ ಮಾರಿದ್ದೇನೆ. ಕಪಾಟಿಗೆ, ತಡಿಕೆಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಬೆಂಕಿಯ ಮಾತು ಬಂದಾಗ ಕಾರ್ಕಳದಿಂದ ತಂದ ತುಂಡಿನ ನುಣ್ಣನೆಯ ಮೈ ಮೊದಲು ತೋರಿಸಿ, ಆಮೇಲೆ ತಿರುಗಿಸುತ್ತಿದ್ದೆ.

ಅಂದು ಕಾಪು ತಲುಪಿದಾಗ ದೀಪ ಹಚ್ಚುವ ಹೊತ್ತು. ಉಮ್ಮ ಬಾಗಿಲಲ್ಲೇ ನಿಂತಿದ್ದಳು.

"ಮಕ್ಕಳು?"

"ಚೆನ್ನಾಗಿದ್ದಾರೆ. ಇನ್ನು ಮೇಲೆ ಕೆಳಗೆ ಅಮ್ಮನ ಹತ್ತಿರ ಮಲಗುತ್ತಾರಂತೆ."

ಅವಳು ಒಳಗೆ ಹೋಗಿ ಎರಡು ಬಟ್ಟಲು ಇಟ್ಟಳು. ಮಧ್ಯಾಹ್ನದ ಗಂಜಿ ಪಾತ್ರೆಯಲ್ಲಿ ಇದ್ದಷ್ಟೂ ಹಾಗೆಯೇ ಇತ್ತು.