ಡಾಂಬರ ಗುಳಿಗೆ ನುಂಗಿ ಸತ್ತವನು

ಐವತ್ತರ ದಶಕದ ಕೊನೆಗೆ ನಾನು ಮುಂಬಯಿಯ ಒಂದು ಕಾಲೇಜಿನಲ್ಲಿ ಲೆಕ್ಕ ಮಾಡುವ ಕೆಲಸದಲ್ಲಿದ್ದೆ. ಅದು ಎಂಥ ಕೆಲಸ ಎಂದು ಸವಣೂರಿನ ನಮ್ಮ ಮನೆಯವರಿಗೆ ತಿಳಿಸಿ ಹೇಳಲು ನನ್ನಿಂದ ಆಗಲಿಲ್ಲ. ಅಪ್ಪ ಶಾಸ್ತ್ರ ಓದಿದವರು. "ಲೆಕ್ಕ ಅಂದ್ರ ಯಾರ ಲೆಕ್ಕ? ಅಂಗಡೀದೇನು?" ಎಂದು ಕೇಳಿದರು. ರಸಾಯನಶಾಸ್ತ್ರದ್ದು ಎಂದೆ. "ಔಷಧ ಬೆರಸಾಕ ಲೆಕ್ಕ ಯಾಕ ಬೇಕು, ಕಣ್ಣಳತಿ ಸಾಲೂದಿಲ್ಲೇನು?" ಎಂದಳು ಅವ್ವ.

ಬಾಟಲಿ ಬೆಂಕಿ ಯಾವುದೂ ಇಲ್ಲದೆ, ಒಂದು ಅಣು ಹೇಗೆ ಕೂಡಿ ನಿಂತಿದೆ ಎಂದು ಕಾಗದದ ಮೇಲೆಯೇ ಕಂಡುಹಿಡಿಯುವ ಕೆಲಸ ಅದು. ಪ್ರಾಧ್ಯಾಪಕರು ಸಮೀಕರಣ ಬರೆದು ಕೊಡುತ್ತಿದ್ದರು. ನಾನು ಹಿಡಿಕೆ ತಿರುಗಿಸುವ ಯಂತ್ರದ ಮುಂದೆ ಕೂತು ದಿನವಿಡೀ ಖಡಖಡ ಗುಣಿಸುತ್ತಿದ್ದೆ. ವರ್ಷ ತುಂಬುವುದರೊಳಗೆ ಬಲ ರಟ್ಟೆ ಎಡಕ್ಕಿಂತ ದಪ್ಪವಾಗಿ, ಕುಪ್ಪಸದ ಒಂದು ತೋಳನ್ನು ಮಾತ್ರ ಬಿಚ್ಚಿ ಹೊಲಿಯಬೇಕಾಯಿತು.

ಒಂದು ಅಣು ಮೂರು ತಿಂಗಳು ತೆಗೆದುಕೊಂಡಿತು. ಬಟ್ಟೆಯ ಟ್ರಂಕಿನಲ್ಲಿ ಇಡುವ ಬಿಳಿ ಡಾಂಬರ ಗುಳಿಗೆ ಇದೆಯಲ್ಲ, ಅದರದು. ಪರಮಾಣುಗಳು ಕೂಡಿ ನಿಲ್ಲಬೇಕಾದರೆ ಕೂಡಿದಾಗಿನ ಶಕ್ತಿ ಬಿಡಿಯಾಗಿದ್ದಾಗಿನದಕ್ಕಿಂತ ಕಡಿಮೆ ಬರಬೇಕು. ನನಗೆ ಹೆಚ್ಚು ಬಂತು. ಅಂದರೆ ನನ್ನ ಲೆಕ್ಕದ ಪ್ರಕಾರ ಆ ವಸ್ತು ಜಗತ್ತಿನಲ್ಲಿ ಇರಲು ಸಾಧ್ಯವೇ ಇಲ್ಲ, ಕೂಡಿದ ಕ್ಷಣವೇ ಚೆದುರಿ ಹೋಗಬೇಕು. ಪ್ರಾಧ್ಯಾಪಕರು ಕೊನೆಯ ಹಾಳೆ ಓದಿದರು. ಎದ್ದು ಹೋಗಿ, ಕಪಾಟಿನಲ್ಲಿದ್ದ ಉಣ್ಣೆ ಕೋಟಿನ ಜೇಬಿನಿಂದ ಒಂದು ಗುಳಿಗೆ ತಂದು ನನ್ನ ಉತ್ತರದ ಮೇಲೆ ಇಟ್ಟರು. "ಇದಕ್ಕೂ ಒಂದು ಮಾತು ತಿಳಿಸಿಬಿಡಿ," ಎಂದರು. ನಡುವೆ ಎಲ್ಲೋ ಒಂದು ಮೈನಸ್ ಚಿಹ್ನೆ ಬಿಟ್ಟುಹೋಗಿತ್ತು.

ದೀಪಾವಳಿಗೆ ಊರಿಗೆ ಬಂದಾಗ ಇದನ್ನು ಪಡಸಾಲೆಯಲ್ಲಿ ಕೂತು ಹೇಳಿದೆ. ಎಲ್ಲರೂ ನಕ್ಕರು. ನನ್ನ ಅಣ್ಣ ಆಗ ಶಿಗ್ಗಾಂವಿಯಲ್ಲಿ ಮಾಸ್ತರನಾಗಿದ್ದ. "ನಮ್ಮ ಸಾಲ್ಯಾಗ ಹೇಳ್ತೇನಿ ಇದನ್ನ, ಹುಡುಗ್ರಿಗೆ ಬುದ್ಧಿ ಬರ್ಲಿ," ಎಂದ. ಹೇಳು ಎಂದೆ.

ಮರುವರ್ಷ ಹಾನಗಲ್ಲಿನಲ್ಲಿ ಒಂದು ಮದುವೆ. ಊಟಕ್ಕೆ ಕೂತಾಗ ನನ್ನ ಬೆನ್ನ ಹಿಂದಿನ ಪಂಕ್ತಿಯಲ್ಲಿ ಯಾರೋ ಒಬ್ಬ ಗೃಹಸ್ಥರು ಪಕ್ಕದವರಿಗೆ ಹೇಳುತ್ತಿದ್ದರು: "ಶಿಗ್ಗಾಂವಿ ಕಡೀ ಒಬ್ಬಾಂವ, ಮುಂಬೈದಾಗ ಆರು ವರ್ಷ ಲೆಕ್ಕಾ ಮಾಡಿ, ಡಾಂಬರ ಗುಳಿಗಿ ಜಗತ್ತಿನ್ಯಾಗ ಇಲ್ಲ ಅಂತ ಸಿದ್ಧ ಮಾಡಿದ್ನಂತ." ಮೂರು ತಿಂಗಳು ಆರು ವರ್ಷವಾಗಿತ್ತು, ನಾನು ಗಂಡಸಾಗಿದ್ದೆ. ತಿರುಗಿ ನೋಡದೆ ಹೋಳಿಗೆ ತಿಂದೆ. ತಪ್ಪು ಇನ್ನೊಬ್ಬನ ತಲೆಗೆ ಹೋಯಿತಲ್ಲ ಎಂದು ಒಳಗೊಳಗೇ ಸಮಾಧಾನವೂ ಆಯಿತು.

ಮುಂಬಯಿಯ ಕೆಲಸ ಮುಗಿದ ಮೇಲೆ ಊರಿಗೆ ಮರಳಿದೆ. ಹಿರೇಕೆರೂರಿನ ಒಂದು ಸಾಲೆಗೆ ಗಣಿತ ಕಲಿಸುವವರು ಬೇಕಾಗಿದ್ದಾರೆ ಎಂದು ತಿಳಿದು ಅರ್ಜಿ ಹಾಕಿದೆ. ಸಂದರ್ಶನಕ್ಕೆ ಹೋದ ದಿನ ಸಂತೆ. ಬಸ್ಸಿನಲ್ಲಿ ಹತ್ತಿಯ ಅಂಡಿಗೆಗಳ ನಡುವೆ ನಿಂತುಕೊಂಡೇ ಹೋಗಿ, ಸೀರೆಗೆ ಅಂಟಿದ ಅರಳೆ ಬಿಡಿಸಿಕೊಳ್ಳುತ್ತ ಒಳಗೆ ಕಾಲಿಟ್ಟೆ.

ಒಳಗೆ ಇಬ್ಬರಿದ್ದರು: ಬಿಳಿ ಟೊಪ್ಪಿಗೆಯ ತೆಳ್ಳನೆಯ ಹೆಡ್ಮಾಸ್ತರರು, ಮತ್ತು ಕಮಿಟಿಯ ಪರವಾಗಿ ಒಬ್ಬ ವಯಸ್ಸಾದ ಹತ್ತಿ ವ್ಯಾಪಾರಿ. "ಬರ್ರಿ, ಕುಂತ್ರಿ," ಎಂದು ಚಹಾ ತರಿಸಿದರು. ಓದಿನ ವಿಚಾರ ಆದ ಮೇಲೆ ಹೆಡ್ಮಾಸ್ತರರು ಹೇಳಿದರು: "ನಮ್ಮ ಹುಡುಗ್ರು ಎಲ್ಲಾ ಮಾಡ್ತಾರ್ರಿ, ಮೈನಸ್ ಒಂದು ಬಿಡ್ತಾರ. ಅದಕ್ಕ ವರ್ಷಾ ಸಾಲಿ ಚಾಲೂ ಆದ ಕೂಡಲೆ ಅವರಿಗೆ ಒಂದು ಖರೇ ಸಂಗತಿ ಹೇಳ್ತೇನಿ. ನೀವೂ ಕೇಳ್ರಿ."

ಅವರು ಕತೆಯ ಹಾಗೆ ಹೇಳಲಿಲ್ಲ, ಸಾವಿನ ಮನೆಯಲ್ಲಿ ಮಾತಾಡುವವರ ಹಾಗೆ ತಗ್ಗಿದ ದನಿಯಲ್ಲಿ ಹೇಳಿದರು. ಮುಂಬಯಿಯಲ್ಲಿ ಒಬ್ಬ ಬುದ್ಧಿವಂತ ತರುಣ. ಡಾಂಬರ ಗುಳಿಗೆ ಇಲ್ಲ ಎಂದು ಅವನ ಲೆಕ್ಕ ಹೇಳಿತು. ಅವನ ಪ್ರಾಧ್ಯಾಪಕ ಗುಳಿಗೆ ತಂದು ಎದುರಿಗಿಟ್ಟು ಅಂದನಂತೆ, "ಇಲ್ಲದ್ದನ್ನ ನುಂಗಿದ್ರ ಏನೂ ಆಗೂದಿಲ್ಲ. ನುಂಗು." ತರುಣ ಹಟಕ್ಕೆ ಬಿದ್ದು ನುಂಗಿದ. ಸಂಜೆಯೊಳಗೆ ಸತ್ತ.

"ಪಾಪ, ಎರಡು ಸಣ್ಣ ಮಕ್ಕಳಿದ್ವಂತ," ಎಂದರು ವ್ಯಾಪಾರಿ.

ನನ್ನ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟೆ. ನಾನು ಸತ್ತದ್ದಕ್ಕಿಂತ ಹೆಚ್ಚಾಗಿ ಎದೆಗೆ ಹೊಡೆದದ್ದು ಪ್ರಾಧ್ಯಾಪಕರ ಮಾತು. ಮಳೆಯಲ್ಲಿ ತಮ್ಮ ಕೊಡೆಯನ್ನು ನನಗೆ ಕೊಟ್ಟು ತಾವು ನೆನೆಯುತ್ತ ಹೋದವರು ಅವರು. ನಾನು ನಗಲಿಕ್ಕೆ ಹೇಳಿದ ಮಾತು ನಾಲ್ಕು ಊರು ದಾಟುವುದರೊಳಗೆ ಅವರನ್ನು ಕೊಲೆಗಾರನನ್ನಾಗಿ ಮಾಡಿತ್ತು.

"ಹುಡುಗ್ರು ಒಂದು ಪ್ರಶ್ನಿ ಕೇಳ್ತಾರ್ರಿ," ಎಂದು ಹೆಡ್ಮಾಸ್ತರರು ಮುಂದುವರಿಸಿದರು. "ಆ ಲೆಕ್ಕಾ ಮತ್ತೊಬ್ಬರು ತಾಳೆ ನೋಡಿದ್ದಿಲ್ಲೇನು ಅಂತ. ನನಗ ಉತ್ತರಾ ಗೊತ್ತಿಲ್ಲ."

"ನೋಡಿದ್ರು ರೀ," ಎಂದೆ. ಬಾಯಿಂದ ತಾನಾಗಿ ಬಂತು. "ಆಕಿದು ಸರಿ ಇತ್ತು."

ಆಮೇಲೆ ನಿಲ್ಲಿಸಲು ಆಗಲಿಲ್ಲ, ಎಲ್ಲ ಹೇಳಿದೆ. ನಾವಿಬ್ಬರು ಹುಡುಗಿಯರು ಅದೇ ಲೆಕ್ಕವನ್ನು ಬೇರೆ ಬೇರೆ ಕೋಣೆಯಲ್ಲಿ ಕೂತು ಮಾಡಬೇಕೆಂಬ ನಿಯಮವಿತ್ತು. ಎರಡು ಉತ್ತರ ಕೂಡಿದರೆ ಮಾತ್ರ ಮುಂದಿನ ಹೆಜ್ಜೆ. ಎರಡನೆಯ ತಿಂಗಳು ಕೂಡಲಿಲ್ಲ. ಆಕೆ ಮರಾಠಿ ಹುಡುಗಿ, ನನಗಿಂತ ಚಿಕ್ಕವಳು, ಕೆಲಸಕ್ಕೆ ಹೊಸಬಳು. ನಾನು ನನ್ನ ಹಾಳೆ ತೆಗೆದು ನೋಡಲೇ ಇಲ್ಲ. "ನಿನ್ನದೇ ತಪ್ಪು, ಮೈನಸ್ ತೆಗೆ," ಎಂದೆ. ಆಕೆ ರಬ್ಬರಿನಿಂದ ಅಳಿಸಿದಳು. ಗುಳಿಗೆಯನ್ನು ಕಾಗದದ ಮೇಲೆ ಇಟ್ಟಾಗ ಆಕೆಯೂ ಪಕ್ಕದಲ್ಲಿ ನಿಂತಿದ್ದಳು. ನನ್ನ ಮುಖ ನೋಡಲಿಲ್ಲ. ಮರುತಿಂಗಳು ಕೆಲಸ ಬಿಟ್ಟಳು. ಸವಣೂರಿನ ಪಡಸಾಲೆಯಲ್ಲಿ ನಾನು ಇಷ್ಟನ್ನು ನುಂಗಿಕೊಂಡಿದ್ದೆ.



"ಅಂದ್ರ ಸತ್ತಿಲ್ಲ," ಎಂದರು ಹೆಡ್ಮಾಸ್ತರರು.

"ಇಲ್ಲರಿ."

"ಮತ್ತ ಹೆಣ್ಣುಮಗಳು."

"ಹೌದ್ರಿ."

"ಆ ಮಕ್ಕಳು?" ಎಂದು ಕೇಳಿದರು ವ್ಯಾಪಾರಿ.

"ನನಗ ಮದುವಿನೂ ಆಗಿಲ್ರಿ."

ಹೆಡ್ಮಾಸ್ತರರು ಕಣ್ಣಿನಿಂದ ಚಾಳೀಸು ತೆಗೆದು ಮೇಜಿನ ಮೇಲಿಟ್ಟರು. "ನಾಲ್ಕು ವರ್ಷದಿಂದ ಹುಡುಗ್ರನ್ನ ಎಬ್ಬಿಸಿ ಒಂದು ನಿಮಿಷ ಮೌನ ಮಾಡಸಾಕತ್ತೇನ್ರಿ ನಾ," ಎಂದರು, ನನಗಲ್ಲ, ಗೋಡೆಗೆ ಹೇಳಿದ ಹಾಗೆ.

ಕೆಲಸ ಹೋಯಿತು ಎಂದುಕೊಂಡು ಮನೆಗೆ ಬಂದೆ. ಎಂಟು ದಿನಕ್ಕೆ ನೇಮಕದ ಕಾಗದ ಬಂತು. ಯಾಕೆ ತಗೊಂಡಿರಿ ಎಂದು ಎಷ್ಟೋ ದಿನದ ಮೇಲೆ ಕೇಳಿದಾಗ ಹೆಡ್ಮಾಸ್ತರರು, "ಅರ್ಜಿ ಹಾಕಿದ ಉಳಿದಿಬ್ಬರಿಗೆ ದಶಾಂಶ ಬರ್ತಿದ್ದಿಲ್ಲ," ಎಂದಷ್ಟೇ ಅಂದರು.

ಕಾಗದ ಬಂದ ದಿನವೇ ಆ ಮರಾಠಿ ಹುಡುಗಿಗೆ ಪತ್ರ ಬರೆದೆ. ತಪ್ಪು ನನ್ನದು, ಪ್ರಾಧ್ಯಾಪಕರಿಗೂ ಬರೆದು ತಿಳಿಸಿದ್ದೇನೆ ಎಂದು. ನಾಲ್ಕು ತಿಂಗಳು ಉತ್ತರವಿಲ್ಲ. ಆಮೇಲೆ ಒಂದು ಕಾರ್ಡು ಬಂತು. ತಾನು ಹವಾಮಾನದ ಕಚೇರಿಯೊಂದರಲ್ಲಿ ಇದ್ದೇನೆ, ನಿನ್ನ ಪತ್ರ ಓದಿ ಎರಡು ದಿನ ಊಟ ಸೇರದಷ್ಟು ಸಿಟ್ಟು ಬಂತು, ಮೂರನೆಯ ದಿನ ಉಂಡೆ ಎಂದು ಬರೆದಿದ್ದಳು. ಅಷ್ಟೇ. ಪ್ರಾಧ್ಯಾಪಕರದು ಒಂದೇ ಸಾಲು: ಆಕೆ ಅಳಿಸಿದ ಗುರುತು ಅವರಿಗೆ ಅಂದೇ ಕಂಡಿತ್ತಂತೆ.

ಸಾಲೆ ಆರಂಭವಾದ ಮೊದಲ ವಾರವೇ ತರಗತಿಯಲ್ಲಿ ನಿಜ ಹೇಳಿದೆ. ಚಿಕ್ಕೇರೂರಿನಿಂದ ಬರುತ್ತಿದ್ದ ಒಬ್ಬ ಹುಡುಗಿ ಎದ್ದು ನಿಂತು, "ಅದು ಬ್ಯಾರೆ ಯಾರದೋ ಇರಬೇಕ್ರಿ. ನಮ್ಮ ಸರ್ ಹೇಳಿದವರು ಸತ್ತಾರ್ರಿ," ಎಂದಳು. ಉಳಿದವರು ಹೌದೆಂದು ತಲೆಯಾಡಿಸಿದರು.

ಹೆಡ್ಮಾಸ್ತರರು ನಿವೃತ್ತರಾಗುವವರೆಗೂ ಆ ಕತೆ ಹೇಳುತ್ತಲೇ ಇದ್ದರು. ಪ್ರಾಧ್ಯಾಪಕರ ಮಾತನ್ನು ಕತೆಯಿಂದ ಕೈಬಿಟ್ಟರು, ಲೆಕ್ಕ ಸರಿ ಮಾಡಿದ್ದ ಹುಡುಗಿಯನ್ನು ಸೇರಿಸಿದರು, ನಾನು ಬೇಡಿಕೊಂಡಿದ್ದಕ್ಕೆ. ತರುಣನನ್ನು ಮಾತ್ರ ಬದುಕಿಸಲಿಲ್ಲ. "ಸತ್ರನ ಹುಡುಗ್ರಿಗೆ ನೆನಪಿರ್ತದ ಬಾಯಾರ," ಅನ್ನುತ್ತಿದ್ದರು. ಪಕ್ಕದ ಕೋಣೆಯಲ್ಲಿ ನಾನು ಪಾಠ ಮಾಡುತ್ತಿರುವಾಗ ಅತ್ತ ಬೆಂಚುಗಳು ಒಟ್ಟಿಗೆ ಸರಿದ ಸದ್ದಾಗುತ್ತಿತ್ತು, ಆಮೇಲೆ ಒಂದು ನಿಮಿಷ ಏನೂ ಇಲ್ಲ.